ಮದುವೆ ಆಗಿದೆಯಾ ಅಂದರು, ಈಜು ಬರುತ್ತಾ ಅನ್ನಲಿಲ್ಲ

ಕಳೆದ ಡಿಸೆಂಬರ್ ಕೊನೆಯಲ್ಲಿ ನಾನೂ ನನ್ನ ಗಂಡನೂ ಐದು ದಿನ ಕರಾವಳಿ ಸುತ್ತಿದೆವು. ಉಡುಪಿಯಲ್ಲಿ ರೈಲು ಇಳಿದು, ಗೋಕರ್ಣದ ಹತ್ತಿರ ರೈಲು ಹತ್ತುವವರೆಗೆ ನಾಲ್ಕು ರಾತ್ರಿ ಟೆಂಟ್‌ನಲ್ಲಿ ಮಲಗಿದೆವು, ಮೂರು ಹೊಳೆಗಳಲ್ಲಿ ಕಯಾಕ್ ನಡೆಸಿದೆವು. ಈ ಐದು ದಿನಗಳಲ್ಲಿ ‘ನಿಮಗೆ ಮದುವೆ ಆಗಿದೆಯಾ?’ ಎಂಬ ಪ್ರಶ್ನೆಯನ್ನು ಏಳು ಸಲ ಎದುರಿಸಿದೆವು. ಎರಡನೇ ದಿನದಿಂದ ನಾನು ಲೆಕ್ಕ ಇಡಲು ಶುರು ಮಾಡಿದ್ದೆ. ‘ನಿಮಗೆ ಈಜು ಬರುತ್ತಾ?’ ಎಂದು ಕೇಳಿದವರು ಮಾತ್ರ ಒಬ್ಬರೇ.

ನನ್ನ ತಕರಾರು ಇಷ್ಟೇ. ನೀರಿನ ಹತ್ತಿರ ಬಂದ ಇಬ್ಬರು ಯುವಜನರನ್ನು ಕಂಡಾಗ ನಮ್ಮ ಸಮಾಜಕ್ಕೆ ಮೊದಲು ನೆನಪಾಗುವುದು ಅವರ ಸಂಬಂಧ, ಅವರ ಜೀವ ಅಲ್ಲ. ತಡೆಯುವುದನ್ನೇ ನಾವು ಕಾಪಾಡುವುದು ಅಂದುಕೊಂಡಿದ್ದೇವೆ. ಇದಕ್ಕೆ ಬೆಲೆ ತೆರುತ್ತಿರುವುದು ನಮ್ಮ ವಯಸ್ಸಿನವರೇ.

ನಾವು ಹೋದ ಕಾರಣ ದೊಡ್ಡದೇನಲ್ಲ. ಗಂಡ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ. ನನ್ನದು ಬೆಂಗಳೂರಿನಲ್ಲಿ ಸಣ್ಣ ಸಂಬಳದ ಕೆಲಸ. ಮದುವೆಯಾಗಿ ಒಂದೂವರೆ ವರ್ಷವಾದರೂ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ‘ಮೊದಲು ಕೆಲಸ ಆಗಲಿ, ಆಮೇಲೆ ತಿರುಗಾಡಿ’ ಎಂದು ಮನೆಯಲ್ಲಿ ಹೇಳುತ್ತಿದ್ದರು. ನೇಮಕಾತಿ ಅಧಿಸೂಚನೆಗಳಿಗೆ ಕಾಯುವವರಿಗೆ ಗೊತ್ತು, ಆ ‘ಆಮೇಲೆ’ ಯಾವಾಗ ಬರುತ್ತದೆಂದು ಹೇಳಲಾಗದು. ಇಬ್ಬರಿಗೂ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿಯೊಳಗೆ ಮುಗಿಸಬೇಕೆಂದು ಲೆಕ್ಕ ಹಾಕಿ ಹೊರಟೆವು.

ಚಳಿಗಾಲದಲ್ಲಿ ಕರಾವಳಿಯಷ್ಟು ಹಿತವಾದ ಜಾಗ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ ಸ್ವೆಟರ್ ಬಿಚ್ಚಲು ಮನಸ್ಸಾಗದ ದಿನಗಳಲ್ಲಿ ಅಲ್ಲಿ ಹಗಲು 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 20ರ ಸುತ್ತ ಇರುತ್ತದೆ. ಹೊದ್ದುಕೊಳ್ಳಲು ಒಂದು ತೆಳು ರಗ್ಗು ಸಾಕು. ಮಳೆ ಇಲ್ಲ, ಮಳೆಗಾಲದ ದೊಡ್ಡ ಅಲೆಗಳೂ ಇಲ್ಲ. ಸೀತಾ, ಶರಾವತಿ, ಅಘನಾಶಿನಿ ಹೊಳೆಗಳು ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಂಡು, ಕಾಂಡ್ಲಾ ಗಿಡಗಳ ನಡುವೆ ಕಿರುದಾರಿಗಳನ್ನು ಮಾಡಿಕೊಂಡಿವೆ. ಕಯಾಕ್ ಕಲಿಯುವವರಿಗೆ ಅಲೆ ಇಲ್ಲದ ಆ ನೀರು ಹೇಳಿ ಮಾಡಿಸಿದಂತಿದೆ. ರಾತ್ರಿ ಟೆಂಟ್ ಒಳಗೆ ಮಲಗಿದರೆ ಒಂದು ಕಡೆಯಿಂದ ಅಲೆ, ಇನ್ನೊಂದು ಕಡೆಯಿಂದ ಯಾವುದೋ ಗದ್ದೆಯ ಯಕ್ಷಗಾನದ ಚಂಡೆ ಕೇಳುತ್ತದೆ. ಮೇಳಗಳ ತಿರುಗಾಟದ ಕಾಲವೂ ಇದೇ ಅಲ್ಲವೇ?

ಇಬ್ಬರು ಕೂರುವ ಕಯಾಕ್‌ನಲ್ಲಿ ಮುಂದೆ ಕೂತವರು ಲಯ ಕೊಡಬೇಕು, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು. ಹಿಂದಿನವರು ಮುಂದಿನವರ ಹುಟ್ಟು ಏಳುವಾಗಲೇ ತಮ್ಮದನ್ನೂ ಎತ್ತದಿದ್ದರೆ ಎರಡೂ ಬಡಿದುಕೊಳ್ಳುತ್ತವೆ. ಮೊದಲ ಅರ್ಧ ಗಂಟೆ ನಾವು ಕಾಂಡ್ಲಾ ಬೇರುಗಳಿಗೆ ಗುದ್ದಿಕೊಂಡು ಜಗಳವಾಡಿದೆವು. ಆಮೇಲೆ ‘ಒಂದು, ಎರಡು’ ಎಂದು ಎಣಿಸುತ್ತಾ ಸಾಗಿದೆವು. ಸ್ವಲ್ಪ ಹೊತ್ತಿಗೆ ಎಣಿಸುವ ಅಗತ್ಯವೇ ಬೀಳಲಿಲ್ಲ. ತಿಂಗಳುಗಟ್ಟಲೆ ಪಠ್ಯಕ್ರಮ, ಕಟ್ ಆಫ್, ಕೀ ಉತ್ತರಗಳ ಬಗ್ಗೆಯಷ್ಟೇ ಮಾತಾಡಿದ್ದ ನಾವು ಆ ದಿನ ಮಿಂಚುಳ್ಳಿಯ ಬಗ್ಗೆ ಮಾತಾಡಿದೆವು. ಅಷ್ಟು ಸಾಕಿತ್ತು.

ಈಜಿನ ಪ್ರಶ್ನೆ ಬಂದದ್ದು ಕೋಡಿ ಬೆಂಗ್ರೆಯ ಕಡೆ. ಅಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಸಪೂರ ನೆಲದ ಪಟ್ಟಿ. ಸೀತಾ ಮತ್ತು ಸುವರ್ಣಾ ಹೊಳೆಗಳು ಅಲ್ಲಿಯೇ ಕಡಲು ಸೇರುತ್ತವೆ. ಬಲೆ ಹೆಣೆಯುತ್ತಾ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಲೈಫ್ ಜಾಕೆಟ್‌ಗಳನ್ನು ನೋಡಿದರು. ‘ಮಗಾ, ಈಜುಕೆ ಬತ್ತಾ?’ ಎಂದು ನನ್ನನ್ನೇ ಕೇಳಿದರು. ಬರುತ್ತದೆ ಎಂದೆ. ‘ಹೊಳೆಯಲ್ಲಾ, ಕಡಲಲ್ಲಾ?’ ಎಂಬುದು ಅವರ ಎರಡನೇ ಪ್ರಶ್ನೆ. ನಾವು ಯಾರು, ಒಬ್ಬರಿಗೊಬ್ಬರು ಏನಾಗಬೇಕು ಎಂಬುದು ಅವರಿಗೆ ಬೇಕಾಗಿರಲಿಲ್ಲ.

ಅವರು ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಕಡಲಿಗೆ ಹೋಗುವ ಎಲ್ಲರಿಗೂ ಅದು ಬೇಕು.

ಉಬ್ಬರ, ಇಳಿತ ದಿನಕ್ಕೆ ಸಾಮಾನ್ಯವಾಗಿ ಎರಡೆರಡು ಸಲ ಬರುತ್ತವೆ. ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಆದ್ದರಿಂದ ನಿನ್ನೆ ಬೆಳಿಗ್ಗೆ ಎಂಟಕ್ಕೆ ನೀರು ಹೇಗಿತ್ತೋ ಇವತ್ತು ಎಂಟಕ್ಕೆ ಹಾಗೇ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಏರಿಳಿತ ಹೆಚ್ಚು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಅಳಿವೆಯ ಕಡೆಗೆ ಜೋರಾಗಿ ಎಳೆಯುತ್ತದೆ. ಆಗ ಅಳಿವೆಯ ಹತ್ತಿರ ಕಯಾಕ್ ಇದ್ದರೆ ತೋಳಿನ ಬಲ ಸಾಲದು.

ಗಾಳಿಗೂ ಹೊತ್ತುಗೊತ್ತು ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ನಿಧಾನ. ಹಾಗಾಗಿ ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲದತ್ತ ಬೀಸುತ್ತದೆ. ಬೆಳಿಗ್ಗೆ ನೀರು ಕನ್ನಡಿಯಂತೆ ಕಂಡರೂ ಆ ಮೆಲುಗಾಳಿ ಹಗುರವಾದ ಕಯಾಕನ್ನು ಸದ್ದಿಲ್ಲದೆ ತೀರದಿಂದ ದೂರ ತಳ್ಳಬಲ್ಲದು. ಮಧ್ಯಾಹ್ನ ಅಲೆ ಏಳುತ್ತದೆ. ಹೊಸಬರು ಬೆಳಿಗ್ಗೆಯೇ ಇಳಿಯಬೇಕು, ಒಳಹೊಳೆಯಲ್ಲೇ ಇರಬೇಕು, ಗಾಳಿ ಏಳುವ ಮೊದಲು ದಡ ಸೇರಬೇಕು.

ಕಯಾಕ್ ಬಾಡಿಗೆಗೆ ಕೊಡುವ ಒಂದು ಕಡೆ ನಮಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಆಧಾರ್ ಕಾರ್ಡ್ ನೋಡಿದರು, ಇಬ್ಬರ ವಿಳಾಸ ಒಂದೇ ಇದೆಯಾ ಎಂದು ತಾಳೆ ಹಾಕಿದರು, ‘ಮದುವೆ ಆಗಿದೆಯಾ’ ಎಂದರು, ಜಾಕೆಟ್ ಕೈಗೆ ಕೊಟ್ಟು ಕಳಿಸಿದರು. ಅದರ ಪಟ್ಟಿ ಬಿಗಿದಿದೆಯಾ ಎಂದು ನೋಡಲಿಲ್ಲ. ಜಾಕೆಟ್ ಹಾಕಿಕೊಂಡ ಮೇಲೆ ಜತೆಗಿರುವವರು ಭುಜದ ಭಾಗ ಹಿಡಿದು ಮೇಲಕ್ಕೆ ಎಳೆಯಬೇಕು. ಅದು ಕಿವಿಯವರೆಗೆ ಬಂದರೆ ಸಡಿಲವಿದೆ ಎಂದೇ ಅರ್ಥ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮನುಷ್ಯ ಅದರಿಂದ ಕೆಳಕ್ಕೆ ಜಾರುತ್ತಾನೆ. ಇದನ್ನು ನನಗೆ ಕಲಿಸಿದ್ದು ಬೆಂಗಳೂರಿನ ಈಜು ತರಬೇತುದಾರರು.

ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ಉಳಿದುಕೊಳ್ಳಲು ಬರುವವರ ಗುರುತು ಬರೆದಿಡುವುದು ಅವರ ಹೊಣೆ. ಆದರೆ ವಯಸ್ಕರಾದ ಇಬ್ಬರು ಜತೆಯಾಗಿ ಉಳಿಯಲು ಮದುವೆಯ ಪುರಾವೆ ಕೊಡಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಮದುವೆಯಾಗದ ಜೋಡಿ ಹೋಟೆಲ್ ಕೋಣೆಯಲ್ಲಿ ಉಳಿಯುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಮಗಂತೂ ಮದುವೆ ಆಗಿತ್ತು, ಕೊರಳಲ್ಲಿ ತಾಳಿಯೂ ಇತ್ತು. ಆದರೂ ಏಳನೇ ಸಲ ಕೇಳುವಾಗ ಯಾವುದೋ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಅನ್ನಿಸಿತು. ಹಾಗಾದರೆ ತಾಳಿ ಇಲ್ಲದವರ, ಗೆಳೆಯ-ಗೆಳತಿಯಾಗಿಯೇ ಬಂದವರ ಪಾಡೇನು?

ಅದಕ್ಕೂ ಉತ್ತರ ಸಿಕ್ಕಿತು. ಮೂರನೇ ದಿನ ಸಂಜೆ ಜನರಿಲ್ಲದ ಒಂದು ಸಣ್ಣ ತೀರದಲ್ಲಿ ನಡೆಯುತ್ತಿದ್ದೆವು. ಮುಂದಕ್ಕೆ ಚಾಚಿಕೊಂಡ ಬಂಡೆಯ ತುದಿಯಲ್ಲಿ ಕಾಲೇಜು ಓದುವ ವಯಸ್ಸಿನ ಹುಡುಗ, ಹುಡುಗಿ ಕೂತಿದ್ದರು. ಉಬ್ಬರ ಶುರುವಾಗಿ ಒಂದು ಗಂಟೆಯಾಗಿತ್ತು. ಬಂಡೆಗೂ ದಡಕ್ಕೂ ನಡುವಿನ ತಗ್ಗಿನಲ್ಲಿ ಆಗಲೇ ಮೊಣಕಾಲುದ್ದ ನೀರು ತುಂಬಿತ್ತು. ಅವರು ಕಡಲ ಕಡೆಗೆ ಮುಖ ಮಾಡಿದ್ದರಿಂದ ಬೆನ್ನ ಹಿಂದೆ ದಾರಿ ಮುಚ್ಚುತ್ತಿರುವುದು ಗೊತ್ತಾಗಿರಲಿಲ್ಲ. ನಾವು ಕೂಗಿದಾಗ ಹುಡುಗಿ ಮೊದಲು ಮಾಡಿದ್ದು ದುಪಟ್ಟಾದಿಂದ ಮುಖ ಮುಚ್ಚಿಕೊಂಡದ್ದು. ನಾವು ಬೈಯಲು ಬಂದವರು ಎಂದುಕೊಂಡು ಇಬ್ಬರೂ ಇನ್ನಷ್ಟು ತುದಿಗೆ ಸರಿದರು. ‘ನೀರು ಏರ್ತಿದೆ, ಬನ್ನಿ’ ಎಂದು ಗಂಡ ಕೈ ಬೀಸಿ ಕರೆದ ಮೇಲೆ ಹಿಂದೆ ನೋಡಿದರು. ನೀರು ದಾಟಿ ಬರುವಾಗ ತೊಡೆಯವರೆಗೆ ಬಂದಿತ್ತು.

ಹುಡುಗಿಗೆ ಈಜು ಬರುತ್ತಿರಲಿಲ್ಲ. ‘ಅಷ್ಟು ದೂರ ಯಾಕೆ ಹೋಗಿದ್ದೆ?’ ಎಂದು ಕೇಳಿದೆ. ‘ದೊಡ್ಡ ಬೀಚ್‌ನಲ್ಲಿ ಕೂತರೆ ಯಾರಾದರೂ ಬಂದು ವಿಚಾರಿಸ್ತಾರೆ ಅಕ್ಕಾ, ಫೋಟೊ ತೆಗೀತಾರೆ’ ಎಂದಳು.

ಗೆಳೆಯರೇ, ಈ ಒಂದು ಮಾತಿನಲ್ಲಿ ಎಲ್ಲವೂ ಇದೆ. ಜೀವರಕ್ಷಕರು, ಎಚ್ಚರಿಕೆ ಬಾವುಟ, ಅಂಗಡಿ, ಜನ ಇರುವ ತೀರ ಸುರಕ್ಷಿತ. ಆದರೆ ಅಲ್ಲಿ ಪ್ರಶ್ನೆಗಳಿವೆ. ಪ್ರಶ್ನೆಗಳಿಲ್ಲದ ತೀರದಲ್ಲಿ ಯಾರೂ ಇಲ್ಲ, ಮುಳುಗಿದರೆ ಕೂಗು ಕೇಳುವವರೂ ಇಲ್ಲ. ಕಾವಲು ಕಾಯುತ್ತೇವೆ ಎನ್ನುವವರೇ ಯುವಜನರನ್ನು ಅಪಾಯದ ಜಾಗಕ್ಕೆ ಅಟ್ಟುತ್ತಿದ್ದಾರೆ.

ನೀರಿನ ಸಾವು ನಮ್ಮಲ್ಲಿ ಅಪರೂಪವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶಗಳ ಪ್ರಕಾರ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸಾಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದದ್ದನ್ನು ನಾವ್ಯಾರೂ ಮರೆತಿಲ್ಲ. ಆ ನಂತರ ಕೆಲಕಾಲ ತೀರಕ್ಕೆ ಪ್ರವಾಸಿಗರ ಪ್ರವೇಶ ನಿಷೇಧಿಸಲಾಯಿತು. ಅಂಥ ಹೊತ್ತಿನಲ್ಲಿ ನಿಷೇಧ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಬಯಲುಸೀಮೆಯ ಮಕ್ಕಳು ಮತ್ತೆ ಮತ್ತೆ ಕಡಲು ನೋಡಲು ಬರುತ್ತಾರೆ. ಅವರಿಗೆ ಕಡಲಿನ ಬಗ್ಗೆ ನಾವು ಏನು ಕಲಿಸಿ ಕಳಿಸುತ್ತೇವೆ?

ನಾನು ಚಿತ್ರದುರ್ಗದ ಕಡೆಯವಳು. ನಮ್ಮೂರಿನ ಹುಡುಗರು ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿಯುತ್ತಿದ್ದರು. ನಾವು ಹುಡುಗಿಯರು ಬಾವಿಯ ಕಟ್ಟೆಯ ಮೇಲೆ ಬಟ್ಟೆ ಕಾಯುತ್ತಾ ಕೂರುತ್ತಿದ್ದೆವು. ‘ನೀರಿನ ಕಡೆ ಹೋಗಬೇಡ’ ಎಂಬುದೇ ನಮಗೆ ಸಿಕ್ಕ ಪಾಠ. ಗಂಡ ಮಂಡ್ಯದ ಕಡೆಯವನು, ನಾಲೆಯಲ್ಲಿ ಬೆಳೆದವನು. ಕಯಾಕ್ ಆಸೆ ಹುಟ್ಟಿದ ಮೇಲೆ ನಾನು ಮೂರು ತಿಂಗಳು ಬೆಳಿಗ್ಗೆ ಆರಕ್ಕೆ ಈಜುಕೊಳಕ್ಕೆ ಹೋದೆ. ನನ್ನ ಬ್ಯಾಚಿನಲ್ಲಿ ಇದ್ದವರೆಲ್ಲ ಎಂಟು ಹತ್ತು ವರ್ಷದ ಮಕ್ಕಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ನೀರಿನ ಮೇಲೆ ಅಂಗಾತ ತೇಲಿದಾಗ, ಇಷ್ಟು ವರ್ಷ ಇದನ್ನು ನನಗೆ ಯಾರೂ ಯಾಕೆ ಕೊಡಲಿಲ್ಲ ಎಂದು ಸಿಟ್ಟೇ ಬಂತು. ಬೇಡ ಎನ್ನುವುದು ಸುಲಭ, ಕಲಿಸುವುದು ಕಷ್ಟ. ಹಾಗಾಗಿ ಹೆಣ್ಣುಮಕ್ಕಳಿಗೆ ಬರೀ ‘ಬೇಡ’ಗಳೇ ಸಿಗುತ್ತವೆ.

ಈಜುಕೊಳದ ಈಜು ಕಡಲಿಗೆ ಸಾಲದು ಎಂಬುದೂ ನಿಜ. ಅಲೆಗಳು ದಡಕ್ಕೆ ತಂದ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕು. ಅದು ಒಂದು ಸಪೂರ ಪಟ್ಟಿಯಲ್ಲಿ ರಭಸವಾಗಿ ಹರಿದು ಹೋಗುತ್ತದೆ. ಆ ಪಟ್ಟಿಯಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ, ನೋಡಲು ಶಾಂತವಾಗಿರುತ್ತದೆ. ಹೊಸಬರು ಅದನ್ನೇ ಆರಿಸಿಕೊಂಡು ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ನೇರ ದಡದತ್ತ ಈಜಬಾರದು. ಎಂಥ ಈಜುಗಾರನೂ ಸೋಲುತ್ತಾನೆ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದ ಪಟ್ಟಿಯಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಪ್ರವಾಸದ ಬಸ್ಸು ಹತ್ತಿಸುವ ಮೊದಲು ಐದು ನಿಮಿಷದಲ್ಲಿ ಹೇಳಬಹುದಾದ ವಿಷಯ ಇದು.

ಹಾಗಂತ ಊರಿನವರು ಏನೂ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಕಡಲತೀರ ನಮ್ಮ ಕಣ್ಣಿಗೆ ಖಾಲಿ ಜಾಗದಂತೆ ಕಾಣುತ್ತದೆ. ಆದರೆ ಅದು ಅವರ ಅಂಗಳ, ಅವರ ಕೆಲಸದ ಜಾಗ. ಬೆಳಿಗ್ಗೆ ಕೈರಂಪಣಿ ಬಲೆ ಎಳೆಯುವ ಮರಳಿನ ಮೇಲೆ ಟೆಂಟ್ ಹಾಕಿದರೆ ಅವರು ಎಲ್ಲಿ ನಿಲ್ಲಬೇಕು? ಅಘನಾಶಿನಿಯ ಇಳಿತದಲ್ಲಿ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವಾಗ ನಡುವೆ ಕಯಾಕ್ ನುಗ್ಗಿಸಿದರೆ ಅವರ ದಿನದ ದುಡಿಮೆ ಕೆಡುತ್ತದೆ. ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ನಾವು ಅಲ್ಲಿಗೆ ಅತಿಥಿಗಳು.

ಚಳಿಗಾಲದಲ್ಲಿ ಇನ್ನೊಬ್ಬ ಅತಿಥಿಯೂ ತೀರಕ್ಕೆ ಬರುತ್ತಾಳೆ. ಆಲಿವ್ ರಿಡ್ಲಿ ಕಡಲಾಮೆ ರಾತ್ರಿ ಮರಳಿಗೆ ಬಂದು, ಗುಂಡಿ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು ಹೋಗುತ್ತದೆ. ಹೊನ್ನಾವರದ ಕಾಸರಕೋಡು ಕಡೆ ಅರಣ್ಯ ಇಲಾಖೆಯವರು ಅಂಥ ಗೂಡುಗಳಿಗೆ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಹೊರಬಂದಾಗ ಬೆಳಕು ಹೆಚ್ಚಿರುವ ಕಡೆಗೆ ನಡೆಯುತ್ತವೆ. ಕತ್ತಲ ತೀರದಲ್ಲಿ ಹಾಗೆ ಹೊಳೆಯುವುದು ಕಡಲಿನ ದಿಕ್ಕು. ನಮ್ಮ ಕ್ಯಾಂಪ್ ಲೈಟ್, ಬೆಂಕಿ ಇದ್ದರೆ ಅವು ನಮ್ಮ ಕಡೆಗೆ ಬಂದು ಸಾಯುತ್ತವೆ. ಹಾಗಾಗಿ ನಾವು ಮರಳಿನ ಮೇಲೆ ಒಂದು ರಾತ್ರಿಯೂ ಟೆಂಟ್ ಹಾಕಲಿಲ್ಲ. ಗಾಳಿಮರಗಳ ಹಿಂದೆ, ಯಾರದೋ ತೆಂಗಿನ ತೋಟದಲ್ಲಿ, ಮನೆಯವರನ್ನು ಕೇಳಿ, ಸ್ವಲ್ಪ ಹಣ ಕೊಟ್ಟು ಮಲಗಿದೆವು. ಬೆಳಿಗ್ಗೆ ಆ ಮನೆಯ ನೀರುದೋಸೆ, ಬಂಗುಡೆ ಸಾರು. ಒಂದು ಮನೆಯ ಅಮ್ಮ ‘ಕಸ ಎಲ್ಲಿ ಹಾಕ್ತೀರಿ?’ ಎಂದು ಮೊದಲೇ ಕೇಳಿದರು. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಅದು. ಬಾಟಲಿ ಒಡೆದು, ಸ್ಪೀಕರ್ ಹಚ್ಚಿ, ಕಸ ಬಿಟ್ಟು ಹೋದ ಪ್ರವಾಸಿಗರನ್ನು ಅವರು ಎಷ್ಟೋ ನೋಡಿದ್ದಾರೆ. ಅವರ ಅನುಮಾನಕ್ಕೆ ನಮ್ಮ ಕಡೆಯವರೂ ಕಾರಣ.

ಆದ್ದರಿಂದ ಕೇಳಿ, ಖಂಡಿತ ಕೇಳಿ. ಕಸ ಎಲ್ಲಿ ಹಾಕುತ್ತೀರಿ? ಬೆಂಕಿ ಹಾಕುತ್ತೀರಾ? ಕುಡಿದು ನೀರಿಗೆ ಇಳಿಯುತ್ತೀರಾ? ಇವತ್ತು ಉಬ್ಬರ ಎಷ್ಟು ಹೊತ್ತಿಗೆ, ಗೊತ್ತಾ? ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಅವು ಯಾರನ್ನೂ ಅವಮಾನಿಸುವುದಿಲ್ಲ, ಯಾರನ್ನೂ ಒಂಟಿ ಬಂಡೆಗೆ ಓಡಿಸುವುದಿಲ್ಲ.

ಕಾಲೇಜುಗಳಿಗೂ ಒಂದು ಮಾತು. ನಮ್ಮಲ್ಲಿ ಎನ್‌ಎಸ್‌ಎಸ್ ಇದೆ, ಎನ್‌ಸಿಸಿ ಇದೆ, ಕ್ರೀಡಾ ಶುಲ್ಕವನ್ನೂ ಕಟ್ಟುತ್ತೇವೆ. ಪದವಿ ಮುಗಿಯುವುದರೊಳಗೆ ಪ್ರತಿಯೊಬ್ಬರೂ, ಮುಖ್ಯವಾಗಿ ಹುಡುಗಿಯರು, ಹತ್ತು ನಿಮಿಷ ತೇಲುವುದನ್ನಾದರೂ ಕಲಿಯಬೇಕು ಎಂದು ಯಾಕೆ ಮಾಡಬಾರದು? ಕೆಲಸ ಹುಡುಕುತ್ತಿರುವವರಿಗೆ ಇದರಲ್ಲಿ ದಾರಿಯೂ ಇದೆ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆ ಮತ್ತು ದೋಣಿ ನಡೆಸುವ ತರಬೇತಿ ಕೊಡುತ್ತದೆ. ನಮ್ಮದೇ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಜಲಸಾಹಸ ತರಬೇತಿ ನಡೆಸುತ್ತದೆ. ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಸುರಕ್ಷತೆಯೂ ಆ ಮಾನ್ಯತೆಯ ಅಳತೆಗೋಲುಗಳಲ್ಲಿ ಒಂದು. ಉಳಿದ ತೀರಗಳಿಗೂ ತರಬೇತಿ ಪಡೆದ ಜೀವರಕ್ಷಕರು ಬಂದರೆ ಊರಿನ ಹುಡುಗ ಹುಡುಗಿಯರಿಗೆ ಊರಿನಲ್ಲೇ ಗೌರವದ ಕೆಲಸ ಸಿಗುತ್ತದೆ.

ಇನ್ನು ಈ ಚಳಿಗಾಲ ಕಡಲಿಗೆ ಹೊರಟಿರುವ ಜೋಡಿಗಳಿಗೆ: ಹೋಗಿ ಬನ್ನಿ. ಕೆಲಸ ಸಿಗುವವರೆಗೆ ಬದುಕನ್ನು ಮುಂದೂಡಬೇಕಿಲ್ಲ. ಆದರೆ ಹೋಗುವ ಮೊದಲು ಒಬ್ಬರನ್ನೊಬ್ಬರು ನೇರವಾಗಿ ಕೇಳಿ, ಈಜು ಬರುತ್ತದೆಯೇ ಎಂದು. ಬರುವುದಿಲ್ಲ ಎನ್ನಲು ನಾಚಿಕೊಳ್ಳಬೇಡಿ. ಬಾರದವರು ಒಳಹೊಳೆಯಲ್ಲಿ, ಬಿಗಿದ ಜಾಕೆಟ್‌ನೊಂದಿಗೆ, ಮಾರ್ಗದರ್ಶಿ ಜತೆಗಿದ್ದಾಗ ಮಾತ್ರ ಕಯಾಕ್ ಹತ್ತಲಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಒಬ್ಬ ಸ್ನೇಹಿತರಿಗಾದರೂ ಹೇಳಿ ಹೋಗಿ. ಜೀವರಕ್ಷಕರಿರುವ ತೀರದಲ್ಲೇ ಕೂರಿ, ಯಾರು ಏನೇ ಅಂದುಕೊಳ್ಳಲಿ. ಹಿರಿಯರಲ್ಲಿ ನನ್ನ ವಿನಂತಿ ಒಂದೇ. ಅವರನ್ನು ಅಲ್ಲಿ ಕೂರಲು ಬಿಡಿ.